ಹದಿನೆಂಟು ನಿಮಿಷದ ಹಾಡು ಕಿವಿಗೆ ಒಗ್ಗುವ ಬಗೆ

ಮೊದಲು ಹಕ್ಕಿಗಳ ಕಲರವ, ಹರಿಯುವ ನೀರಿನ ಸದ್ದು. ಅದರ ಬೆನ್ನಿಗೇ ಗಿಟಾರ್, ಬೇಸ್, ಡ್ರಮ್‌ಗಳು ಒಂದರ ಮೇಲೊಂದು ಮುಗಿಬೀಳುತ್ತವೆ. ತಾಳದ ಎಣಿಕೆ ಸಿಗುವುದಿಲ್ಲ. ನಡುನಡುವೆ ಎಲ್ಲವೂ ಗಕ್ಕನೆ ನಿಂತು, ಕ್ಷಣಮಾತ್ರ ಮನುಷ್ಯ ಕಂಠ ಕೇಳಿ, ಮತ್ತೆ ಅದೇ ಗದ್ದಲ. ಬ್ರಿಟನ್ನಿನ ‘ಯೆಸ್’ ತಂಡ 1972ರ ಸೆಪ್ಟೆಂಬರ್‌ನಲ್ಲಿ ಹೊರತಂದ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಂ ಆರಂಭವಾಗುವುದು ಹೀಗೆ. ಮೊದಲ ಸಲ ಕೇಳಿದವರು ಐದು ನಿಮಿಷಕ್ಕೇ ಕೈಬಿಟ್ಟರೆ ಅಚ್ಚರಿಯೇನಿಲ್ಲ.

ಪ್ರೋಗ್ರೆಸಿವ್ ರಾಕ್ ಎಂದು ಕರೆಯಲಾಗುವ ಪ್ರಕಾರದ ಮೇರುಕೃತಿಗಳಲ್ಲಿ ಇದೂ ಒಂದು. ಇಡೀ ಆಲ್ಬಂನಲ್ಲಿರುವುದು ಮೂರೇ ಹಾಡು. ಎಲ್‌ಪಿ ತಟ್ಟೆಯ ಮೊದಲ ಮಗ್ಗುಲನ್ನೆಲ್ಲ ಆವರಿಸಿಕೊಂಡಿರುವ ಶೀರ್ಷಿಕೆ ಹಾಡಿನ ಅವಧಿ 18 ನಿಮಿಷಕ್ಕೂ ಹೆಚ್ಚು. ಇಷ್ಟು ದೀರ್ಘವಾದ ರಚನೆ ಒಂದೇ ಸಲಕ್ಕೆ ಕಿವಿಗೆ ದಕ್ಕುವುದು ಕಷ್ಟ.

ಮೂರ್ನಾಲ್ಕು ಸಲ ಕೇಳಿದ ಬಳಿಕ ಚಿತ್ರ ಬದಲಾಗತೊಡಗುತ್ತದೆ. ಹಾಡಿಗೆ ನಾಲ್ಕು ಭಾಗಗಳಿವೆ. ಎರಡನೆಯದರಲ್ಲಿ ಕೇಳುವುದು ಮೊದಲನೆಯದರ ಧಾಟಿಯೇ. ಅದರ ಕೆಳಗೆ ಕ್ರಿಸ್ ಸ್ಕ್ವೈರ್ ಅವರ ಬೇಸ್ ಹಾಗೂ ಬಿಲ್ ಬ್ರೂಫರ್ಡ್ ಅವರ ಡ್ರಮ್‌ಗಳ ನಡೆ ಮಾತ್ರ ಬೇರೆ. ಪಲ್ಲವಿಯ ಕೊನೆಯಲ್ಲಿ ಬಾಲದಂತೆ ಅಂಟಿಕೊಂಡಿದ್ದ ಪುಟ್ಟ ಸಾಲೊಂದು ಮೂರನೆಯ ಭಾಗದಲ್ಲಿ ನಿಧಾನಗತಿಯ ಗಾಯನವಾಗಿ ಅರಳುತ್ತದೆ. ಅಲ್ಲಿಗೆ ರಿಕ್ ವೇಕ್‌ಮನ್ ನುಡಿಸಿದ ಚರ್ಚ್ ಆರ್ಗನ್ನಿನ ಭಾರೀ ನಾದ ಬಂದು ಸೇರುತ್ತದೆ. ಕೊನೆಯ ಭಾಗದಲ್ಲಿ ಹಳೆಯ ಧಾಟಿ ಮರಳಿದಾಗ, ಅದನ್ನು ಗುರುತಿಸಬಲ್ಲ ಕಿವಿಗಷ್ಟೇ ಅದು ಮರಳುವಿಕೆ. ಉಳಿದವರಿಗೆ ಇನ್ನೊಂದು ಹೊಸ ತಿರುವು, ಅಷ್ಟೇ. ಹಾಡಿನ ಸುಖವೆಲ್ಲ ಈ ಗುರುತಿನಲ್ಲಿಯೇ ಇದೆ ಎನ್ನಬಹುದು.

ಪದೇ ಪದೇ ಕೇಳಿದರೆ ಯಾವುದು ತಾನೇ ಹಿಡಿಸದು ಎಂಬ ಆಕ್ಷೇಪವೂ ಉಂಟು. ಅದು ನಿರಾಧಾರವಲ್ಲ. ಪರಿಚಯವೊಂದೇ ಇಷ್ಟವನ್ನು ಹೆಚ್ಚಿಸಬಲ್ಲದು ಎಂದು ಮನೋವಿಜ್ಞಾನಿ ರಾಬರ್ಟ್ ಜಾಯಾಂಕ್ 1968ರಲ್ಲಿಯೇ ತೋರಿಸಿಕೊಟ್ಟಿದ್ದರು. ಆದರೆ ಜಾಹೀರಾತಿನ ಹಾಡು ಹತ್ತನೆಯ ಸಲಕ್ಕೂ ಮೊದಲ ಸಲದಷ್ಟನ್ನೇ ಹೇಳುತ್ತದೆ. ಇಲ್ಲಿ ಪ್ರತಿ ಸಲವೂ ಹೊಸ ಸಂಬಂಧವೊಂದು ಕಾಣುತ್ತದೆ. ಸಂಗೀತದ ಭಾವ ಹುಟ್ಟುವುದು ಕೇಳುಗನ ನಿರೀಕ್ಷೆ ಮತ್ತು ಅದು ಈಡೇರಲು ಆಗುವ ವಿಳಂಬದಲ್ಲಿ ಎಂದು ಲಿಯೊನಾರ್ಡ್ ಮೇಯರ್ 1956ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ನಿರೀಕ್ಷಿಸಬೇಕಾದರೆ ಮೊದಲು ದಾರಿ ತಿಳಿದಿರಬೇಕಲ್ಲವೆ?

ಗಾಯಕ ಜಾನ್ ಆಂಡರ್ಸನ್ ಅವರ ಸಾಹಿತ್ಯಕ್ಕೆ ಪ್ರೇರಣೆ ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿ. ಅದರ ನಾಯಕ ಅಂಬಿಗನಾಗಿ, ನದಿಯ ಸದ್ದಿಗೆ ವರ್ಷಗಟ್ಟಲೆ ಕಿವಿಗೊಟ್ಟು ಅರಿವು ಪಡೆಯುವವನು. ಹಾಡು ನೀರಿನ ಸದ್ದಿನಿಂದ ಆರಂಭವಾಗುವುದರ ಔಚಿತ್ಯ ಆಗ ಹೊಳೆಯುತ್ತದೆ. ಅಂದಹಾಗೆ, ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಗುಂಡರ್ಟ್ ಬಾಸೆಲ್ ಮಿಷನ್ನಿನವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಕೂಡ ಅದೇ ಮಿಷನ್ನಿನವರೆಂಬುದು ಕನ್ನಡಿಗರಿಗೆ ಸ್ವಾರಸ್ಯದ ಸಂಗತಿ.

ಪುನರಾವರ್ತನೆಯ ಶ್ರಮ ಕೇಳುಗನದಷ್ಟೇ ಅಲ್ಲ. ಲಂಡನ್ನಿನ ಅಡ್ವಿಷನ್ ಸ್ಟುಡಿಯೊದಲ್ಲಿ ತಂಡ ಈ ರಚನೆಯನ್ನು ತುಣುಕು ತುಣುಕಾಗಿ ನುಡಿಸಿ ಮುದ್ರಿಸಿತು. ತಂತ್ರಜ್ಞ ಎಡ್ಡಿ ಆಫರ್ಡ್ ಟೇಪುಗಳನ್ನು ಕತ್ತರಿಸಿ ಜೋಡಿಸಿದರು. ಈ ದೀರ್ಘ ಪ್ರಕ್ರಿಯೆಯಿಂದ ಬೇಸತ್ತ ಬ್ರೂಫರ್ಡ್, ಆಲ್ಬಂ ಬಿಡುಗಡೆಯಾಗುವ ಮೊದಲೇ ತಂಡ ತೊರೆದು ‘ಕಿಂಗ್ ಕ್ರಿಮ್ಸನ್’ ಸೇರಿದರು.

ಹೊಸಬರು ಎರಡನೆಯ ಮಗ್ಗುಲಿನ ‘ಆ್ಯಂಡ್ ಯು ಆ್ಯಂಡ್ ಐ’ ಹಾಡಿನಿಂದ ಆರಂಭಿಸುವುದು ಲೇಸು. ಸ್ಟೀವ್ ಹೋವ್ ಅವರ ಗಿಟಾರ್ ಅಲ್ಲಿ ಹೆಚ್ಚು ಸೌಮ್ಯ. ಮೊದಲ ಮಗ್ಗುಲಿಗೆ ಆಮೇಲೆ ಮರಳಬಹುದು.