ಬಹಳ ಹೊತ್ತು ನಿಂತು ಕೆಲಸಮಾಡುವವರ ಕಾಲುನೋವು ಮತ್ತು ಅದರ ನಿವಾರಣೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಗಿ, ಅವರೆ, ತರಕಾರಿಗಳನ್ನು ಬೆಳೆಯುತ್ತಿದ್ದ ಜಮೀನುಗಳು ಬಹುಮಟ್ಟಿಗೆ ಬಡಾವಣೆಗಳಾಗಿಯೂ ಷೆಡ್ಡುಗಳಾಗಿಯೂ ಮಾರ್ಪಟ್ಟಿವೆ. ಈ ಬದಲಾವಣೆಯು ಮೊದಲು ಕಂಡುದು ನಗರಕ್ಕೆ ಸಮೀಪವಾದ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿಗಳ ಕಡೆಯಲ್ಲಿ. 1949ರಲ್ಲಿ ರಾಜಾಜಿನಗರಕ್ಕೆ ತಳಹದಿ ಹಾಕಿದ ತರುವಾಯ ಆ ಊರುಗಳು ಕ್ರಮೇಣ ಪೇಟೆಯೊಳಗೆ ಸೇರಿಹೋದುವು. ಅತ್ತಿಗುಪ್ಪೆ, ಹೊಸಹಳ್ಳಿಗಳ ಸುತ್ತ ವಿಜಯನಗರವು ಬೆಳೆಯಿತು. ಈಗ ಅದೇ ಕ್ರಮವು ಕೆಂಗೇರಿಯನ್ನು ದಾಟಿ ಮುಂದಕ್ಕೆ ಸಾಗಿದೆ. ಉಳುವ ನೆಲವು ಕಡಮೆಯಾದ ಮನೆಗಳ ಹೆಣ್ಣುಮಕ್ಕಳೂ ಹುಡುಗರೂ ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ, ಪೀಣ್ಯದ ಯಂತ್ರಾಗಾರಗಳಿಗೂ, ರಾಜಾಜಿನಗರ ಬಸವೇಶ್ವರನಗರಗಳ ಬಟ್ಟೆ ಅಂಗಡಿಗಳಿಗೂ ದುಡಿಯಲು ಹೋಗುತ್ತಾರೆ. ಸಂಜೆ ಮನೆಗೆ ಬಂದವರು ಮೊದಲು ಕೇಳುವುದು ಊಟವನ್ನಲ್ಲ, ಕಾಲಿಗೆ ಬಿಸಿನೀರನ್ನು. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದುದರಿಂದ ಪ್ರಯಾಣದ ಹೊತ್ತು ಉಳಿದಿರುವುದು ನಿಜ. ಆದರೆ ಬೆಳಗು ಸಂಜೆಗಳ ಜನಸಂದಣಿಯಲ್ಲಿ ಅಲ್ಲಿಯೂ ಅನೇಕರು ನಿಂತೇ ಹೋಗಬೇಕಾಗಿದೆ.

ಮನೆಯ ಹಿರಿಯರಲ್ಲಿ ಹಲವರು ಈ ನೋವನ್ನು ಸೋಮಾರಿತನವೆಂದು ಎಣಿಸುವುದುಂಟು. "ನಾವು ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಹೊಲದಲ್ಲಿ ದುಡಿದೆವು, ನಮಗೆ ಕಾಲು ನೋಯಲಿಲ್ಲ, ನೆರಳಿನಲ್ಲಿ ನಿಲ್ಲುವ ಈ ಮಕ್ಕಳಿಗೆ ನೋವೆಲ್ಲಿಂದ ಬಂತು?" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಪ್ರಶ್ನೆಯು ಅಸಂಗತವಾದುದೇನೂ ಅಲ್ಲ. ಅದಕ್ಕೆ ಸರಿಯಾದ ಉತ್ತರವೂ ಇದೆ. ಉತ್ತರವನ್ನು ತಿಳಿಯದೆ ಗದರಿಸುವುದರಿಂದ ಮಾತ್ರ ನಷ್ಟವುಂಟು.

ಹೊಲದಲ್ಲಿ ಕೆಲಸಮಾಡುವವನು ನಿಲ್ಲುವುದಿಲ್ಲ, ನಡೆಯುತ್ತಾನೆ. ನೇಗಿಲ ಹಿಂದೆ ಹೋಗುತ್ತಾನೆ, ಕಳೆ ಕೀಳಲು ಕುಕ್ಕರಿಸುತ್ತಾನೆ, ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಕಾಲಡಿಯ ಮಣ್ಣು ಅವನ ಭಾರಕ್ಕೆ ಸ್ವಲ್ಪ ಬಗ್ಗಿಕೊಡುತ್ತದೆ. ಕಾರ್ಖಾನೆಯಲ್ಲಿ ಹೊಲಿಗೆಯವರು ಕುಳಿತಿರುತ್ತಾರೆ. ಬಟ್ಟೆ ಕತ್ತರಿಸುವವರು, ಇಸ್ತ್ರಿ ಮಾಡುವವರು, ದಾರದ ತುದಿ ಕತ್ತರಿಸಿ ತಪ್ಪು ಹುಡುಕುವವರು, ಪೆಟ್ಟಿಗೆಗೆ ತುಂಬುವವರು ಇವರೆಲ್ಲ ಒಂದು ಮೇಜಿನ ಮುಂದೆ ಒಂದೇ ಅಡಿಯ ಜಾಗದಲ್ಲಿ ಸಿಮೆಂಟು ನೆಲದ ಮೇಲೆ ನಿಂತಿರುತ್ತಾರೆ. ಎರಡು ಕೆಲಸಗಳಲ್ಲಿಯೂ ದಿನವು ಒಂದೇ ಉದ್ದವಾದರೂ ಕಾಲಿಗೆ ಆಗುವ ಶ್ರಮವು ಬೇರೆ ಬೇರೆ.

ಇದರ ಕಾರಣವು ಶರೀರದ ರಚನೆಯಲ್ಲಿದೆ. ಹೃದಯದಿಂದ ಕಾಲಿಗಿಳಿದ ರಕ್ತವು ಮತ್ತೆ ಮೇಲಕ್ಕೆ ಏರಬೇಕಾದರೆ ಮೀನಖಂಡದ ಸ್ನಾಯುಗಳು ಅದನ್ನು ಹಿಂಡಿ ಎತ್ತಬೇಕು. ನಾಳಗಳೊಳಗೆ ಸಣ್ಣ ಕದಗಳಿದ್ದು, ಮೇಲೆ ಹೋದ ರಕ್ತವು ಹಿಂದಕ್ಕೆ ಬಾರದಂತೆ ಅವು ತಡೆಯುತ್ತವೆ. ನಡೆಯುವಾಗ ಪ್ರತಿ ಹೆಜ್ಜೆಗೂ ಮೀನಖಂಡವು ಬಿಗಿದು ಸಡಿಲುವುದರಿಂದ ಈ ಏತವು ತಾನಾಗಿ ನಡೆಯುತ್ತದೆ. ಅಲುಗಾಡದೆ ನಿಂತರೆ ಏತವು ನಿಂತುಹೋಗುತ್ತದೆ. ನಿಶ್ಚಲವಾಗಿ ನಿಂತಿರುವ ಪ್ರಾಯದವನ ಕಣಕಾಲಿನ ನಾಳದಲ್ಲಿ ರಕ್ತದ ಒತ್ತಡವು ಪಾದರಸದ ಸುಮಾರು 90 ಮಿಲಿಮೀಟರಿನಷ್ಟಿದ್ದು, ಅವನೇ ನಡೆಯತೊಡಗಿದರೆ ಅದು 30ಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಒತ್ತಡವು ಹೆಚ್ಚಿರುವಾಗ ನೀರು ನಾಳದಿಂದ ಸುತ್ತಣ ಮಾಂಸಕ್ಕೆ ಒಸರುತ್ತದೆ. ಕಾಲು ಭಾರವಾಗುವುದೂ, ಸಂಜೆಗೆ ಚಪ್ಪಲಿಯ ಪಟ್ಟಿ ಬಿಗಿಯಾಗುವುದೂ ಇದರಿಂದಲೇ. ವರ್ಷಾನುಗಟ್ಟಲೆ ಹೀಗಾದರೆ ಕದಗಳು ಸಡಿಲಿ ನಾಳಗಳು ಹಗ್ಗದಂತೆ ಉಬ್ಬಿ ಸುತ್ತಿಕೊಳ್ಳುವುದುಂಟು. ಕಡೆಗೆ ಕಣಕಾಲಿನ ಒಳಮಗ್ಗುಲಿನಲ್ಲಿ ಚರ್ಮವು ಕಪ್ಪಾಗಿ, ಬೇಗ ಮಾಯದ ಹುಣ್ಣೂ ಆಗಬಹುದು.

ಎರಡನೆಯದು ಅಂಗಾಲಿನ ನೋವು. ಪಾದವೊಂದರಲ್ಲಿ 26 ಮೂಳೆಗಳಿದ್ದು ಅವು ಕಮಾನಿನಂತೆ ಜೋಡಣೆಗೊಂಡಿವೆ. ಆ ಕಮಾನು ಕುಸಿಯದಂತೆ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ದಪ್ಪನಾದ ತಂತುಪಟ್ಟಿಯೊಂದು ಬಿಲ್ಲಿನ ಹೆದೆಯಂತೆ ಎಳೆದು ಹಿಡಿದಿದೆ. ಗಟ್ಟಿ ನೆಲದ ಮೇಲೆ ಬಹಳ ಹೊತ್ತು ನಿಂತವರಿಗೆ ಈ ಪಟ್ಟಿಯು ಹಿಮ್ಮಡಿಗೆ ಅಂಟಿರುವ ಕಡೆ ನೊಂದುಕೊಳ್ಳುತ್ತದೆ. ಬೆಳಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಕೆಲವು ಹೆಜ್ಜೆಗಳಲ್ಲಿ ಮುಳ್ಳು ಚುಚ್ಚಿದಂತಾಗಿ, ಸ್ವಲ್ಪ ನಡೆದ ಮೇಲೆ ತಗ್ಗುವುದೇ ಇದರ ಗುರುತು.

ಇದು ಹೊಸದಾಗಿ ಕಂಡುಹಿಡಿದ ವಿಷಯವಲ್ಲ. ಇಟಲಿ ದೇಶದ ಬರ್ನಾರ್ಡಿನೋ ರಾಮಜ್ಜೀನಿ ಎಂಬ ವೈದ್ಯನು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಂತು ದುಡಿಯುವವರಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅವರ ಕಾಲಿನ ನರಗಳು ಉಬ್ಬುವುದನ್ನೂ ಹುಣ್ಣಾಗುವುದನ್ನೂ ವಿವರಿಸಿದ್ದಾನೆ. ನಡೆಯುವುದಕ್ಕಿಂತ ನಿಲ್ಲುವುದು ಏಕೆ ಹೆಚ್ಚು ದಣಿಸುತ್ತದೆಂಬುದನ್ನೂ ಅವನು ಆಗಲೇ ವಿಚಾರಿಸಿದ್ದನು.

ಹಸು ಸಾಕುವವರಿಗೆ ಈ ಸಂಗತಿಯು ಮನುಷ್ಯರ ವಿಷಯದಲ್ಲಲ್ಲದಿದ್ದರೂ ದನಗಳ ವಿಷಯದಲ್ಲಿ ಚೆನ್ನಾಗಿ ಗೊತ್ತಿದೆ. ಕೊಟ್ಟಿಗೆಗೆ ಸಿಮೆಂಟು ನೆಲ ಮಾಡಿಸಿದ ಮೇಲೆ ಸೀಮೆಹಸುಗಳ ಮಂಡಿ ಬಾತು ಗೊರಸು ಸವೆಯುವುದನ್ನು ಕಂಡು, ಹಾಲು ಕಡಮೆಯಾಗುವ ಭಯದಿಂದ ರಬ್ಬರ್ ಚಾಪೆಗಳನ್ನು ಕೊಂಡು ಹಾಸಿರುವ ರೈತರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಅದೇ ಮನೆಯ ಷೆಡ್ಡಿನಲ್ಲಿ ಇಸ್ತ್ರಿ ಹಿಡಿದು ನಿಲ್ಲುವ ಹೆಂಗಸಿನ ಕಾಲ ಕೆಳಗೆ ಗೋಣಿಯೂ ಇರುವುದಿಲ್ಲ. ಹಸುವಿಗೆ ಬೆಲೆ ಕೊಟ್ಟಿದೆ, ಆಳಿಗೆ ದಿನಗೂಲಿ ಮಾತ್ರವೆಂಬ ಲೆಕ್ಕವು ಇಲ್ಲಿ ಸರಿಯಾಗದು. ಕೈಪಳಗಿದ ಕೆಲಸಗಾರಳು ಕಾಲುನೋವಿನಿಂದ ಬಿಟ್ಟುಹೋದರೆ ಹೊಸಬಳಿಗೆ ಕಲಿಸುವಷ್ಟರಲ್ಲಿ ಆಗುವ ನಷ್ಟವು ಚಾಪೆಯ ಬೆಲೆಯನ್ನು ಮೀರುತ್ತದೆ.

ಆದಕಾರಣ ನಿವಾರಣೋಪಾಯಗಳಲ್ಲಿ ಮುಖ್ಯವಾದುವು ಔಷಧದ ಅಂಗಡಿಯಲ್ಲಿಲ್ಲ, ಕೆಲಸದ ಜಾಗದಲ್ಲಿವೆ. ನಿಲ್ಲುವೆಡೆಯಲ್ಲಿ ಬೆರಳಿನಷ್ಟು ದಪ್ಪದ ರಬ್ಬರ್ ಚಾಪೆಯನ್ನಾಗಲಿ, ಅದಿಲ್ಲದಿದ್ದರೆ ಮರದ ಹಲಗೆಯನ್ನಾಗಲಿ ಹಾಸತಕ್ಕದ್ದು. ಮಡಿಸಿದ ಗೋಣಿಯೂ ಆದೀತು. ಆದರೆ ಅದು ನೆನೆದರೆ ಜಾರುತ್ತದೆ. ಮೇಜಿನ ಕೆಳಗೆ ನಾಲ್ಕರಿಂದ ಆರು ಅಂಗುಲ ಎತ್ತರದ ಮರದ ತುಂಡೊಂದನ್ನಿಟ್ಟು, ಒಮ್ಮೆ ಬಲಗಾಲನ್ನೂ ಒಮ್ಮೆ ಎಡಗಾಲನ್ನೂ ಅದರ ಮೇಲಿಡುವ ಅಭ್ಯಾಸ ಮಾಡಿಸಬೇಕು. ಇದರಿಂದ ಸೊಂಟಕ್ಕೂ ಹಿತವಾಗುವುದು. ಮೇಜು ಕೆಲಸಗಾರನ ಮೊಣಕೈಯ ಮಟ್ಟಕ್ಕಿರಬೇಕು, ಒತ್ತಿ ಮಾಡುವ ಕೆಲಸವಾದರೆ ಅದಕ್ಕಿಂತ ಸ್ವಲ್ಪ ತಗ್ಗಿರಬೇಕು; ಗಿಡ್ಡಾದವರಿಗೆ ಕಾಲ ಕೆಳಗೊಂದು ಮಣೆ ಹಾಕಿದರೆ ಸಾಕು. ಎಲ್ಲಕ್ಕಿಂತ ಹೆಚ್ಚಿನದು, ಕೆಲಸವು ನಿಂತ ಒಂದೆರಡು ನಿಮಿಷಗಳಲ್ಲಿ ಒರಗಿಕೊಳ್ಳಲು ಎತ್ತರದ ಸ್ಟೂಲು. ಗರ್ಭಿಣಿಯರಿಗಂತೂ ಇದು ಅತ್ಯಾವಶ್ಯಕ. ಕುಳಿತರೆ ಕೆಲಸ ಕೆಡುತ್ತದೆಂದು ಮೇಸ್ತ್ರಿಗಳು ಹೇಳುವುದುಂಟು. ಮಾಲು ಬಾರದೆ ಕೈಕಟ್ಟಿ ನಿಂತಿರುವಾಗ ಕುಳಿತುಕೊಂಡರೆ ಯಾವ ಕೆಲಸ ಕೆಡುವುದೋ ತಿಳಿಯದು.

ಇದು ಕೇವಲ ದಯೆಯ ಮಾತೂ ಅಲ್ಲ. ನಿಂತು ಕೆಲಸಮಾಡಬೇಕಾದವರಿಗೆ ಬಿಡುವು ದೊರೆತಾಗ ಕುಳಿತುಕೊಳ್ಳಲು ಏರ್ಪಾಡಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಪ್ರಕರಣವು ವಿಧಿಸಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಸಂಹಿತೆಯಲ್ಲಿಯೂ ಈ ಅಂಶವನ್ನು ಉಳಿಸಿಕೊಂಡಿದೆ. ಅಂಗಡಿಗಳ ವಿಷಯದಲ್ಲಿ ನೆರೆಯ ಕೇರಳವು ಮುಂದಾಯಿತು: ಕೋಳಿಕೋಡಿನ ಬಟ್ಟೆ ಅಂಗಡಿಗಳ ಹೆಂಗಸರು ಹಲವು ವರ್ಷ ಕೇಳಿಕೊಂಡುದರ ಫಲವಾಗಿ 2018ರಲ್ಲಿ ಅಲ್ಲಿಯ ಕಾಯಿದೆಯನ್ನು ತಿದ್ದಿ, ಮಾರಾಟದವರಿಗೆ ಆಸನ ಕೊಡುವುದನ್ನು ಕಡ್ಡಾಯ ಮಾಡಲಾಯಿತು. ಕಾಸರಗೋಡಿನ ಅಂಗಡಿಗಳಲ್ಲಿ ದುಡಿಯುವ ಕನ್ನಡಿಗರಿಗೂ ಆ ಅನುಕೂಲವುಂಟು. ತಮಿಳುನಾಡು 2021ರಲ್ಲಿ ಅದೇ ದಾರಿಯನ್ನು ಹಿಡಿಯಿತು.

ಪಾದರಕ್ಷೆಯ ಮಾತು. ಸವೆದು ಹಪ್ಪಳದಂತಾದ ಹವಾಯಿ ಚಪ್ಪಲಿಯು ಇಲ್ಲದುದಕ್ಕೆ ಸಮಾನ. ಹಿಮ್ಮಡಿಯಲ್ಲಿ ಸುಮಾರು ಒಂದು ಅಂಗುಲ ದಪ್ಪವಿದ್ದು, ಕಮಾನಿಗೆ ಆಧಾರವಿದ್ದು, ಬೆರಳುಗಳು ಬಿಡಿಸಿಕೊಳ್ಳುವಷ್ಟು ಅಗಲವಿರುವುದನ್ನು ಕೊಳ್ಳಬೇಕು. ಪಾದವು ಸಂಜೆಗೆ ಹಿಗ್ಗುವುದರಿಂದ ಸಂಜೆಯಲ್ಲಿಯೇ ಅಳತೆ ನೋಡಿ ಕೊಳ್ಳುವುದು ಲೇಸು. ಮನೆಯೊಳಗೂ ಗ್ರಾನೈಟು, ಟೈಲ್ಸ್ ನೆಲದ ಮೇಲೆ ನೋವಿರುವವರು ಬರಿಗಾಲಿನಲ್ಲಿ ಓಡಾಡಬಾರದು. ಹಿಂದೆ ಒಲೆಯ ಮುಂದೆ ಕುಳಿತು ಅಡಿಗೆ ಮಾಡುತ್ತಿದ್ದರು, ಈಗ ಕಟ್ಟೆಯ ಮುಂದೆ ನಿಂತು ಮಾಡುತ್ತಾರೆ. ಕಾರ್ಖಾನೆಗೆ ಹೋಗದ ಗೃಹಿಣಿಯರಿಗೂ ಹಿಮ್ಮಡಿ ನೋಯುವುದಕ್ಕೆ ಇದೂ ಒಂದು ಕಾರಣ. ಒಳಗೆ ಚಪ್ಪಲಿ ಮೆಟ್ಟುವುದು ಸಂಪ್ರದಾಯಕ್ಕೆ ವಿರೋಧವೆನ್ನುವವರು ಅಡಿಗೆಮನೆಗೆಂದೇ ಬೇರೆ ಜೊತೆಯನ್ನು ಇಟ್ಟುಕೊಳ್ಳಬಹುದು.

ನಿಂತಿರುವಾಗಲೇ ಮಾಡಬಹುದಾದ ಸುಲಭ ಉಪಾಯವೊಂದಿದೆ. ಕಾಲು ಗಂಟೆಗೊಮ್ಮೆ ತುದಿಗಾಲಿನ ಮೇಲೆ ಹತ್ತು ಸಾರಿ ಏರಿ ಇಳಿದರೆ ಮೀನಖಂಡದ ಏತವು ಮತ್ತೆ ನಡೆಯುತ್ತದೆ. ಇದಕ್ಕೆ ಅರ್ಧ ನಿಮಿಷ ಸಾಕು, ಕೈಗೆಲಸವೂ ನಿಲ್ಲುವುದಿಲ್ಲ. ಮನೆಗೆ ಬಂದ ಮೇಲೆ ಗೋಡೆಗೆ ಕಾಲೊರಗಿಸಿ, ಪಾದವು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಕಾಲು ಗಂಟೆ ಮಲಗಬೇಕು. ಬಾವು ಇಳಿಯುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಹಿಮ್ಮಡಿ ನೋವಿನವರು ಬೆಳಗ್ಗೆ ಕಾಲು ನೆಲಕ್ಕಿಡುವ ಮೊದಲೇ ಕುಳಿತು, ಕೈಯಿಂದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಹೀಗೆ ಹತ್ತು ಸಾರಿ. ಅನಂತರ ಗೋಡೆಗೆ ಕೈಯೂರಿ ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ, ಮುಂದಿನ ಮೊಣಕಾಲನ್ನು ಬಗ್ಗಿಸಿ ಅರ್ಧ ನಿಮಿಷ ನಿಲ್ಲಬೇಕು. ಗುಣವು ನಾಲ್ಕು ದಿನಗಳಲ್ಲಿ ಕಾಣುವುದಿಲ್ಲ, ವಾರಗಳು ಬೇಕು. ಹಟದಿಂದ ಮಾಡಿದವರಲ್ಲಿ ಹೆಚ್ಚು ಮಂದಿಗೆ ಕೆಲವು ತಿಂಗಳುಗಳೊಳಗೆ ನೋವು ಹೋಗುತ್ತದೆ. ತಣ್ಣೀರು ತುಂಬಿದ ಸೀಸೆಯನ್ನು ಅಂಗಾಲಿನ ಕೆಳಗೆ ಉರುಳಿಸುವುದೂ ಹಿತಕರ.

ಹರಳೆಣ್ಣೆ ತಿಕ್ಕುವುದು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವುದು ಎಲ್ಲ ಮನೆಗಳಲ್ಲಿಯೂ ಇದೆ. ಉಪ್ಪಿಗಿಂತ ಶಾಖವೂ, ಎಣ್ಣೆಗಿಂತ ನೀವುವ ಕೈಯೂ ಉಪಶಮನ ಕೊಡುವುದೆಂದು ತಿಳಿದು ಮಾಡಿದರೆ ಬಾಧಕವಿಲ್ಲ. ಆದರೆ ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರುವುದುಂಟು. ಅವರು ಬಿಸಿನೀರಿಗೆ ಕಾಲಿಟ್ಟು ಬೊಬ್ಬೆಯೆದ್ದುದೂ ತಿಳಿಯದೆ, ಅದು ಹುಣ್ಣಾಗಿ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಅಂಥವರು ದಿನವೂ ಅಂಗಾಲನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಬೇಕು. ನೋವಿನ ಮಾತ್ರೆಗಳನ್ನು ತಾವೇ ಕೊಂಡು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಉಬ್ಬಿದ ನರಕ್ಕೆ ಬಟ್ಟೆಯನ್ನು ಬಿಗಿದು ಕಟ್ಟುವುದೂ ಸಲ್ಲದು. ಅದಕ್ಕೆ ಬೇಕಾದ ಒತ್ತುಚೀಲವನ್ನು ವೈದ್ಯರು ಕಾಲನ್ನು ನೋಡಿ ಹೇಳಬೇಕು.

ಇಷ್ಟರಿಂದಲೂ ತಗ್ಗದ ನೋವನ್ನು ನಿಂತುದರ ಫಲವೆಂದೇ ಭಾವಿಸಿ ಸುಮ್ಮನಿರಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ಬಿಸಿಯಾಗಿ ನೊಂದರೆ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡು ಕಾಲೂ ಬಾತು ಏದುಸಿರು ಬಂದರೆ ದೋಷವು ಹೃದಯದಲ್ಲಿಯೋ ಮೂತ್ರಪಿಂಡದಲ್ಲಿಯೋ ಇದ್ದೀತು. ಬೀಡಿ ಸೇದುವವರಿಗೆ ನಡೆದಾಗ ಮೀನಖಂಡ ಹಿಡಿದು, ನಿಂತಾಗ ಬಿಡುವುದಾದರೆ ಅದು ಶುದ್ಧರಕ್ತನಾಳವು ಕಿರಿದಾದ ಲಕ್ಷಣ. ಇಲ್ಲಿ ಹೇಳಿರುವ ನೋವಲ್ಲ. ಇ.ಎಸ್.ಐ. ಯೋಜನೆಗೆ ಸೇರಿದ ಕಾರ್ಮಿಕರಿಗೂ ಅವರ ಮನೆಯವರಿಗೂ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯು ಸಮೀಪದಲ್ಲಿಯೇ ಇದೆ.

ಕೆಂಗೇರಿಯ ಕಡೆ ತಮ್ಮ ಜಮೀನಿನಲ್ಲಿ ಷೆಡ್ಡು ಕಟ್ಟಿಸಿ ಬಾಡಿಗೆಗೆ ಕೊಟ್ಟಿರುವ ಮಾಲಿಕರು, ಒಳಗಿನ ಏರ್ಪಾಡು ಬಾಡಿಗೆದಾರನಿಗೆ ಸೇರಿದ್ದೆಂದು ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಆದರೆ ಒಳಗೆ ನಿಲ್ಲುವವರಲ್ಲಿ ಅದೇ ಊರಿನ ಮಕ್ಕಳೇ ಹಲವರಿರುತ್ತಾರೆ. ಕರಾರನ್ನು ಹೊಸದಾಗಿ ಬರೆಯಿಸುವಾಗ, ನಿಂತು ಮಾಡುವ ಪ್ರತಿಯೊಂದು ಕೆಲಸದ ಜಾಗಕ್ಕೂ ಚಾಪೆ, ಕಾಲಿಡುವ ಮರದ ತುಂಡು, ಇಬ್ಬರಿಗೊಂದರಂತೆ ಎತ್ತರದ ಸ್ಟೂಲು ಇರತಕ್ಕದ್ದೆಂದು ಒಂದು ಸಾಲನ್ನು ಸೇರಿಸುವುದಕ್ಕೆ ಅಡ್ಡಿಯಿಲ್ಲ. ಮರದ ಕೆಲಸವನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲನು. ಚಾಪೆಯನ್ನು ಕೊಟ್ಟಿಗೆಗೆ ಕೊಂಡ ಅಂಗಡಿಯಲ್ಲಿಯೇ ಅಳತೆ ಕೊಟ್ಟು ಕತ್ತರಿಸಿ ತರಬಹುದು. ಅಂಚು ಮೇಲೆದ್ದರೆ ಎಡವುವ ಭಯವಿರುವುದರಿಂದ ನಾಲ್ಕು ಮೂಲೆಗಳನ್ನೂ ನೆಲಕ್ಕೆ ಅಂಟಿಸಿ, ವಾರಕ್ಕೊಮ್ಮೆ ತೊಳೆದು ಒಣಗಿಸಬೇಕು.