ದಖನ್ನಿನ ದ್ರಾಕ್ಷಿ: ಚಾಟ್ನಿ ತರುವ ಋತು, ರಾತ್ರಿ ತರುವ ರಸ

ಹೈದರಾಬಾದಿನ ಜೀಡಿಮೆಟ್ಲಾ ಈಗ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ಊರು. ಆದರೆ ಅದರ ಮಗ್ಗುಲಿನ ಕೊಂಪಲ್ಲಿಯಿಂದ ಮೇಡ್ಚಲ್ ಕಡೆಗಿನ ನೆಲದಲ್ಲಿ ಕೆಲವೇ ದಶಕಗಳ ಹಿಂದೆ ದ್ರಾಕ್ಷಿ ಚಪ್ಪರಗಳಿದ್ದವು. ಅಲ್ಲಿ ಮೆರೆದ ತಳಿ ಅನಾಬ್-ಎ-ಶಾಹಿ. ಹೈದರಾಬಾದಿನಲ್ಲಿ ನೆಲೆಯೂರಿ ದಕ್ಷಿಣಕ್ಕೆಲ್ಲ ಹಬ್ಬಿದ ಈ ತಳಿಯಿಂದಲೇ ಬೆಂಗಳೂರು ಸೀಮೆಯ ದಿಲ್‌ಖುಷ್ ಬಂತು. ಇಷ್ಟು ದ್ರಾಕ್ಷಿ ಬೆಳೆದ ಹೈದರಾಬಾದಿಗೆ ವೈನ್‌ನಲ್ಲಿ ಹೆಸರು ಬರಲಿಲ್ಲ. ಆ ಹೆಸರು ನಂದಿ ಬೆಟ್ಟದ ತಪ್ಪಲಿಗೆ ಹೋಯಿತು. ಸೆಕೆಯ ಊರಿನಲ್ಲಿ ವೈನ್ ಆಗದು ಎಂಬ ಸುಲಭದ ಉತ್ತರ ಇಲ್ಲಿ ಅರ್ಧ ಮಾತ್ರ ಸರಿ. ತಳಿಗೂ ಹವೆಗೂ ಇರುವ ನಂಟನ್ನು ವರ್ಷದ ಸರಾಸರಿ ಉಷ್ಣಾಂಶ ಹೇಳುವುದಿಲ್ಲ. ಹಣ್ಣು ಪಕ್ವವಾಗುವ ಕೊನೆಯ ಕೆಲವು ವಾರಗಳ ಹಗಲು-ರಾತ್ರಿಗಳು ಹೇಳುತ್ತವೆ.

ಯುರೋಪಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ, ವಸಂತ ಎಬ್ಬಿಸುತ್ತದೆ. ದಖನ್ನಿನಲ್ಲಿ ಬಳ್ಳಿ ಮಲಗುವುದೇ ಇಲ್ಲ. ಹಾಗಾಗಿ ರೈತನೇ ಋತು ತರಬೇಕು. ಬಳ್ಳಿ ಕತ್ತರಿಸಿ ಋತು ತರುವ ಈ ಕೆಲಸಕ್ಕೆ ವಿಜಯಪುರದ ಕಡೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಬಳ್ಳಿಯನ್ನು ಬುಡದತ್ತ ಕತ್ತರಿಸಿ ಹೊಸ ಕಡ್ಡಿ ಬೆಳೆಸಲಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಆ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊಂಚಲು ರೂಪುಗೊಳ್ಳುತ್ತದೆ. ಮಳೆ ಹಿಂದೆಗೆಯುವ ಹೊತ್ತಿಗೆ, ಅಕ್ಟೋಬರ್ ಚಾಟ್ನಿಯಲ್ಲಿ, ಕಡ್ಡಿಯ ತುದಿ ಕತ್ತರಿಸಿ, ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಅವಕ್ಕೆ ಹೈಡ್ರೋಜನ್ ಸಯನಮೈಡ್ ಲೇಪಿಸುತ್ತಾರೆ. ಹೀಗೆ ಫಸಲು ಮಳೆಗಾಲದ ದಾವಣಿ ರೋಗದಿಂದ ಬಹುಪಾಲು ಪಾರಾಗಿ ಒಣಹವೆಯಲ್ಲಿ ಬೆಳೆದು ಫೆಬ್ರುವರಿ-ಮಾರ್ಚ್‌ಗೆ ಕೊಯ್ಲಿಗೆ ಬರುತ್ತದೆ. ಚಳಿ ಬೀಳದ ನಾಡಿನಲ್ಲಿ ವೈನ್ ದ್ರಾಕ್ಷಿ ಬೆಳೆಯದು ಎಂಬ ಮೊದಲ ಆಕ್ಷೇಪಕ್ಕೆ ಈ ಕತ್ತರಿಯೇ ಉತ್ತರ.

ಕತ್ತರಿ ಋತುವನ್ನು ತರಬಲ್ಲದು, ಮಾರ್ಚ್ ತಿಂಗಳ ಝಳವನ್ನು ತಗ್ಗಿಸಲಾರದು. ಡಿಸೆಂಬರ್-ಜನವರಿಯಲ್ಲಿ ಹೈದರಾಬಾದಿಗೂ ಬೆಂಗಳೂರಿಗೂ ಹೆಚ್ಚು ಅಂತರವಿಲ್ಲ. ಮಾರ್ಚ್‌ನಲ್ಲಿ ಹೈದರಾಬಾದಿನ ಸರಾಸರಿ ಗರಿಷ್ಠ ಉಷ್ಣಾಂಶ 35 ಡಿಗ್ರಿ ದಾಟುತ್ತದೆ, ಬೆಂಗಳೂರು 33ರ ಆಸುಪಾಸಿನಲ್ಲೇ ಉಳಿಯುತ್ತದೆ. ಸುಮಾರು 540 ಮೀಟರ್ ಮತ್ತು 900 ಮೀಟರ್ ಎತ್ತರಗಳ ವ್ಯತ್ಯಾಸ ಕಾಣುವುದು ಇಲ್ಲಿ. ರಾತ್ರಿ ತಣಿಯದಿದ್ದರೆ ಹಣ್ಣು ತನ್ನ ಮ್ಯಾಲಿಕ್ ಆಮ್ಲವನ್ನು ಉಸಿರಾಟದಲ್ಲೇ ಸುಟ್ಟುಕೊಳ್ಳುತ್ತದೆ. ಕಡು ಬಿಸಿಲಿನಲ್ಲಿ ಸಿಪ್ಪೆಯ ಬಣ್ಣವೂ ಕುಂದುತ್ತದೆ. ಸಿಹಿ ಏರಿ ಹುಳಿ ಇಳಿದ ರಸದಿಂದ ಸಪ್ಪೆ ವೈನ್ ಆಗುತ್ತದೆ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಆರಂಭವಾದ ಗ್ರೋವರ್ ಸಂಸ್ಥೆ ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, 1992ರಲ್ಲಿ ಮೊದಲ ವೈನ್ ಹೊರತಂದದ್ದು ಈ ಎತ್ತರದ ಬಲದಿಂದ. ಬರ್ಗಂಡಿಯ ತಂಪಿಗೆ ಒಗ್ಗಿದ ಪಿನೋ ನ್ವಾರ್ ಇಲ್ಲಿ ಸೊರಗುತ್ತದೆ. ಶಿರಾಜ್, ಕ್ಯಾಬರ್ನೆ ಸೊವಿನ್ಯೋಂ, ಶೆನಿನ್ ಬ್ಲಾಂಕ್ ಬಿಸಿಲನ್ನು ತಾಳುತ್ತವೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಎತ್ತರವೇ ಎಲ್ಲವಾದರೆ, ಸುಡುವ ಕೊಪ್ಪಳದಲ್ಲಿ ಹಂಪಿ ಬಳಿಯ ಕೃಷ್ಮಾ ಎಸ್ಟೇಟ್ಸ್ ಕ್ಯಾಬರ್ನೆ ಮತ್ತು ಸಾಂಜೊವೇಸೆ ಬೆಳೆದು ಹೆಸರು ಮಾಡಿದ್ದು ಹೇಗೆ? 1956ರವರೆಗೆ ಕೊಪ್ಪಳವೂ ಹೈದರಾಬಾದ್ ರಾಜ್ಯದಲ್ಲೇ ಇತ್ತು ಎಂಬುದನ್ನು ನೆನೆದರೆ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ಉತ್ತರ ಬಳ್ಳಿಯ ಹೊರೆಯಲ್ಲಿದೆ. ಅನಾಬ್-ಎ-ಶಾಹಿಯ ಕಾಯಿ ದಪ್ಪ, ನೀಳ, ತೆಳು ಸಿಪ್ಪೆಯದು, ತುಂಬ ನೀರು. ಚಪ್ಪರದಿಂದ ತೂಗುವ ದೊಡ್ಡ ಗೊಂಚಲಿಗೆ ರೈತ ಬೇಕಾದಷ್ಟು ನೀರು-ಗೊಬ್ಬರ ಕೊಟ್ಟು ತೂಕ ಏರಿಸುತ್ತಾನೆ. ಕ್ಯಾಬರ್ನೆಯ ಕಾಯಿ ಚಿಕ್ಕದು, ಸಿಪ್ಪೆ ದಪ್ಪ. ಕೆಂಪು ವೈನ್‌ನ ಬಣ್ಣ, ಒಗರು ಬರುವುದು ಸಿಪ್ಪೆಯಿಂದ. ಹಾಗಾಗಿ ಕಾಯಿ ಚಿಕ್ಕದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ಬಡ ಮಣ್ಣಿನಲ್ಲಿ ಬಳ್ಳಿಗೆ ಕಡಿಮೆ ಗೊಂಚಲು ಬಿಟ್ಟು, ಝಳ ಏರುವ ಮೊದಲೇ ಕೊಯ್ದರೆ ಸೆಕೆಯ ಊರಿನಲ್ಲೂ ಹದ ಸಿಗುತ್ತದೆ. ಎಕರೆಗೆ ಎಷ್ಟು ಟನ್ ಎಂದು ಲೆಕ್ಕ ಹಾಕುವ ತೋಟಕ್ಕೆ ಇದು ಒಗ್ಗುವುದಿಲ್ಲ.

ಹಾಗಾದರೆ ಬೆಂಗಳೂರು ನೀಲಿ ಎಂಬ ದ್ರಾಕ್ಷಿಯಿಂದಲೂ ವೈನ್ ಮಾಡುತ್ತಾರಲ್ಲ ಎನ್ನಬಹುದು. ರೋಗ ತಡೆದುಕೊಳ್ಳುವ, ವರ್ಷಕ್ಕೆ ಎರಡು ಫಸಲೂ ಕೊಡಬಲ್ಲ ಗಟ್ಟಿ ತಳಿ ಅದು. ಅಮೆರಿಕದ ಲಬ್ರುಸ್ಕಾ ಮೂಲದ ಅದರ ಘಾಟು ಪರಿಮಳ ಜ್ಯೂಸ್‌ಗೆ, ಸಿಹಿ ವೈನ್‌ಗೆ ಹೊಂದುತ್ತದೆ, ಒಣ ವೈನ್‌ಗೆ ಒಗ್ಗದು. ಹೈದರಾಬಾದಿನ ಚಪ್ಪರಗಳನ್ನು ಕೆಡವಿದ್ದೂ ಹವೆಯಲ್ಲ. ಏರಿದ ನೆಲದ ಬೆಲೆ, ಇಳಿದ ಅಂತರ್ಜಲ. 2007ರ ವೈನ್ ನೀತಿಯ ಬಳಿಕ ಕರ್ನಾಟಕದಲ್ಲಿ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಹೆಸರು ಸಾಲದು. ಯಾವ ತಾಲ್ಲೂಕಿನಲ್ಲಿ ಯಾವ ತಳಿ ಯಾವ ವಾರ ಪಕ್ವವಾಗುತ್ತದೆ ಎಂಬ ಲೆಕ್ಕವನ್ನು ರೈತನ ಕೈಗೆ ಕೊಟ್ಟ ಮೇಲೆಯೇ ಸರ್ಕಾರ ಸಸಿಗೆ ಸಹಾಯಧನ ಕೊಡಬೇಕು.