ಕೆಲಸ ಕಳೆದುಕೊಂಡ ಊರುಗಳಲ್ಲಿ ನನ್ನ ಭಾನುವಾರಗಳು

ಫ್ರಾನ್ಸಿನಲ್ಲಿ ಓದಿ ಬಂದೆ ಎಂದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: ‘ಐಫೆಲ್ ಟವರ್ ನೋಡಿದ್ಯಾ?’ ನಾನಿದ್ದದ್ದು ಪ್ಯಾರಿಸ್‌ನಿಂದ ಸುಮಾರು 700 ಕಿ.ಮೀ. ದೂರದ ಟುಲೂಸ್‌ನಲ್ಲಿ. ದೇಶದ ದಕ್ಷಿಣಕ್ಕಿರುವ ಒಕ್ಸಿತಾನಿ ಪ್ರಾಂತ್ಯದ ದೊಡ್ಡ ನಗರ ಅದು. ವಿಮಾನ ತಂತ್ರಜ್ಞಾನ ಓದುವವರಿಗೆ ಅದು ಕಾಶಿ ಇದ್ದ ಹಾಗೆ. ಏರ್‌ಬಸ್ ವಿಮಾನಗಳು ಜೋಡಣೆಯಾಗುವುದು ಅಲ್ಲೇ. 1969ರಲ್ಲಿ ಕಾನ್ಕಾರ್ಡ್ ಮೊದಲ ಸಲ ಹಾರಿದ್ದೂ ಅಲ್ಲಿಂದಲೇ.

ನನ್ನ ಕೋರ್ಸ್‌ನ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಅದನ್ನು ನಾವೇ ಹುಡುಕಿಕೊಳ್ಳಬೇಕು, ಸಿಗದಿದ್ದರೆ ಪದವಿ ಇಲ್ಲ. ಅಕ್ಟೋಬರ್‌ನಿಂದ ಅರ್ಜಿ ಹಾಕತೊಡಗಿದೆ. ರಕ್ಷಣೆಗೆ ಸಂಬಂಧಿಸಿದ ಕೆಲಸಗಳು ವಿದೇಶಿಯರಿಗೆ ಸಿಗುವುದಿಲ್ಲ, ಉಳಿದ ಕಡೆ ಫ್ರೆಂಚ್ ಚೆನ್ನಾಗಿ ಬರಬೇಕು. ‘ನಿಮ್ಮ ಪ್ರೊಫೈಲ್ ಚೆನ್ನಾಗಿದೆ, ಆದರೆ...’ ಎಂದು ಶುರುವಾಗುವ ಇಮೇಲ್‌ಗಳನ್ನು ಎಣಿಸುವುದನ್ನೇ ಬಿಟ್ಟೆ. ರೂಮಿನಲ್ಲಿ ಕೂತರೆ ಕೈ ತಾನಾಗಿಯೇ ಮೊಬೈಲ್‌ಗೆ ಹೋಗುತ್ತಿತ್ತು. ಕೊನೆಗೆ ಭಾನುವಾರಗಳಂದು ರೈಲು ಹತ್ತುವುದನ್ನು ರೂಢಿ ಮಾಡಿಕೊಂಡೆ. 26ರೊಳಗಿನವರಿಗೆ ಪ್ರಾಂತ್ಯದ ರೈಲುಗಳಲ್ಲಿ ರಿಯಾಯಿತಿ ಇತ್ತು. ಚೀಲದಲ್ಲಿ ಚಪಾತಿ ರೋಲ್, ನೀರಿನ ಬಾಟಲಿ ಇದ್ದರೆ ಬೇರೆ ಖರ್ಚಿಲ್ಲ.

ಕೋಟೆ, ಚರ್ಚು ನೋಡಿಕೊಂಡು ಬರೋಣ ಎಂದಷ್ಟೇ ಹೊರಟಿದ್ದೆ. ನಾಲ್ಕೈದು ಊರು ಸುತ್ತುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ನೋಡಿದ ಪ್ರತಿಯೊಂದು ಊರೂ ಒಂದಲ್ಲ ಒಂದು ಕಾಲದಲ್ಲಿ ತನ್ನ ಕೆಲಸ ಕಳೆದುಕೊಂಡಿತ್ತು.

ನಮ್ಮ ನೀಲಿ, ಅವರ ನಷ್ಟ

ಟುಲೂಸ್‌ನ ಹಳೆಯ ಬೀದಿಗಳಲ್ಲಿ ನಡೆದರೆ ಇಟ್ಟಿಗೆಯ ಭಾರಿ ಮನೆಗಳು ಸಿಗುತ್ತವೆ. ಅವುಗಳಲ್ಲಿ ಹೆಸರಾದದ್ದು 1555ರಲ್ಲಿ ಕಟ್ಟಲು ಶುರುಮಾಡಿದ ಅಸ್ಸೆಝಾ ಮಹಲು. ಈಗ ಒಳಗೆ ಕಲಾ ಸಂಗ್ರಹಾಲಯವಿದೆ. ಈ ಹಣವೆಲ್ಲ ಬಂದದ್ದು ಒಂದು ಸೊಪ್ಪಿನಿಂದ ಎಂದರೆ ನಂಬುವುದು ಕಷ್ಟ. ಪಾಸ್ಟೆಲ್ ಎಂಬ ಗಿಡದ ಎಲೆ ಅರೆದು, ಉಂಡೆ ಕಟ್ಟಿ ಒಣಗಿಸಿ, ಮತ್ತೆ ಪುಡಿ ಮಾಡಿ ಹುಳಿಯಲು ಬಿಟ್ಟರೆ ಬಟ್ಟೆಗೆ ಹಾಕುವ ನೀಲಿ ಬಣ್ಣ ಸಿಗುತ್ತಿತ್ತು. ಆ ಉಂಡೆಗೆ ಅಲ್ಲಿ ಕೊಕಾಞ್ ಎಂದು ಹೆಸರು. ಯಾವ ಕೊರತೆಯೂ ಇಲ್ಲದ ಸೀಮೆಗೆ ಫ್ರೆಂಚರು ಇಂದಿಗೂ ‘ಕೊಕಾಞ್ ನಾಡು’ ಎನ್ನುತ್ತಾರೆ. 1525ರ ಯುದ್ಧದಲ್ಲಿ ದೊರೆ ಮೊದಲನೇ ಫ್ರಾನ್ಸಿಸ್ ಶತ್ರುಗಳ ಕೈಗೆ ಸಿಕ್ಕಿಬಿದ್ದ. ಅವನ ಬಿಡುಗಡೆಯ ಹಣಕ್ಕೆ ಜಾಮೀನು ನಿಂತವನು ಟುಲೂಸ್‌ನ ಒಬ್ಬ ಪಾಸ್ಟೆಲ್ ವ್ಯಾಪಾರಿ, ಜಾನ್ ದ ಬೆರ್ನುಯಿ. ಅವನ ಮನೆ ಈಗ ಶಾಲೆಯಾಗಿದೆ.

ಟುಲೂಸ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಅಲ್ಬಿ ಕೂಡ ಇದೇ ಬಣ್ಣದಿಂದ ಬೆಳೆದ ಊರು. ತಾರ್ನ್ ನದಿಯ ದಡದಲ್ಲಿ ಕೆಂಪು ಇಟ್ಟಿಗೆಯ ಸೇಂತ್ ಸೆಸಿಲ್ ಕೆಥೆಡ್ರಲ್ ನಿಂತಿದೆ. ದೂರದಿಂದ ಚರ್ಚೋ ಕೋಟೆಯೋ ಗೊತ್ತಾಗುವುದಿಲ್ಲ. 1209ರಿಂದ 1229ರವರೆಗೆ ಈ ಸೀಮೆಯ ಕಥಾರ್ ಪಂಥದವರ ಮೇಲೆ ಚರ್ಚ್ ಧರ್ಮಯುದ್ಧ ನಡೆಸಿತ್ತು. ಮತ್ತೆ ಯಾರೂ ತಲೆ ಎತ್ತಬಾರದು ಎಂಬಂತೆ 1282ರಲ್ಲಿ ಈ ಕಟ್ಟಡದ ಕೆಲಸ ಶುರುವಾಯಿತು. ಗಂಟೆ ಗೋಪುರದ ಎತ್ತರ 78 ಮೀಟರ್. ಪಕ್ಕದ ಬಿಷಪ್ ಅರಮನೆಯಲ್ಲಿ ಇದೇ ಊರಲ್ಲಿ ಹುಟ್ಟಿದ ಚಿತ್ರಕಾರ ಟುಲೂಸ್-ಲೊತ್ರೆಕ್‌ನ ಸಾವಿರಕ್ಕೂ ಹೆಚ್ಚು ಕೃತಿಗಳಿವೆ. 2010ರಲ್ಲಿ ಯುನೆಸ್ಕೊ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ನೀಲಿ ಸಂಪತ್ತು ಹದಿನಾರನೇ ಶತಮಾನದ ಕೊನೆಗೆ ಕರಗಿತು. ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಯುದ್ಧಗಳು ಒಂದು ಕಾರಣ. ಇನ್ನೊಂದು ಕಾರಣ ಓದಿದಾಗ ಬೆಚ್ಚಿಬಿದ್ದೆ: ಅದು ನಮ್ಮ ದೇಶದಿಂದ ಹಡಗಿನಲ್ಲಿ ಹೋದ ನೀಲಿ! ಇಂಡಿಗೊ ಎಂಬ ಹೆಸರಲ್ಲೇ ಇಂಡಿಯಾ ಇದೆ. ಅದರಲ್ಲಿ ಬಣ್ಣ ಹೆಚ್ಚು ಗಾಢ. ದೊರೆ ನಾಲ್ಕನೇ ಹೆನ್ರಿ 1609ರಲ್ಲಿ ಇಂಡಿಗೊ ಬಳಸಿದವರಿಗೆ ಮರಣದಂಡನೆ ಎಂದು ಆಜ್ಞೆ ಹೊರಡಿಸಿದರೂ ಪಾಸ್ಟೆಲ್ ಉಳಿಯಲಿಲ್ಲ. ಒಳ್ಳೆಯ ಸರಕನ್ನು ಕಾನೂನು ಎಷ್ಟು ದಿನ ತಡೆದೀತು?

ಕಲ್ಲು ಮಾರುತ್ತಿದ್ದ ಕೋಟೆ

ಎರಡನೆಯ ಊರು ಕಾರ್ಕಸೋನ್. ಎರಡು ಸುತ್ತಿನ ಗೋಡೆ, 52 ಬುರುಜು, ಒಟ್ಟು ಸುಮಾರು 3 ಕಿ.ಮೀ. ಉದ್ದದ ಕೋಟೆ. ಸಿನಿಮಾ ಸೆಟ್ ಇದ್ದ ಹಾಗಿದೆ ಎಂದು ಜೊತೆಗಿದ್ದ ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ಕೋಟೆಯ ಕೆಲಸ ಸ್ಪೇನ್ ಗಡಿ ಕಾಯುವುದು. 1659ರ ಒಪ್ಪಂದದಿಂದ ಗಡಿಯೇ ದಕ್ಷಿಣಕ್ಕೆ ಸರಿಯಿತು, ಕೋಟೆಗೆ ಕೆಲಸವಿಲ್ಲದಾಯಿತು. ಕೆಳಗಿನ ಊರು ಬಟ್ಟೆ ವ್ಯಾಪಾರದಲ್ಲಿ ಬೆಳೆಯಿತು, ಮೇಲಿನ ಕೋಟೆಯಲ್ಲಿ ಬಡವರು ಉಳಿದರು. ಗೋಡೆಯ ಕಲ್ಲುಗಳನ್ನು ಕಿತ್ತು ಮನೆ ಕಟ್ಟಲು ಒಯ್ಯುತ್ತಿದ್ದರು. 1850ರ ಸುಮಾರಿಗೆ ಸರ್ಕಾರ ಅದನ್ನು ಕೆಡವಲು ಬಿಡುವ ಹಂತಕ್ಕೆ ಬಂದಿತ್ತು. ಸ್ಥಳೀಯ ಇತಿಹಾಸಪ್ರಿಯ ಕ್ರೊ-ಮೇರ್ವಿಯೆ, ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಲೇಖಕ ಮೆರಿಮೆ ಪಟ್ಟು ಹಿಡಿದರು. 1853ರಿಂದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ದುರಸ್ತಿ ನಡೆಸಿದರು. ಬುರುಜುಗಳಿಗೆ ಅವರು ಇಟ್ಟ ಚೂಪು ಛಾವಣಿ ಈ ಸೀಮೆಯದ್ದಲ್ಲ ಎಂದು ಟೀಕಿಸುವವರು ಈಗಲೂ ಇದ್ದಾರೆ. 1997ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಕಾರ್ಕಸೋನ್ ಉಳಿಯಿತು ನಿಜ. ಆದರೆ ಸಂಜೆ ಪ್ರವಾಸಿಗರು ಇಳಿದು ಹೋದ ಮೇಲೆ ಅಲ್ಲಿ ನಿಂತು ನೋಡಿ. ಅಂಗಡಿಗಳ ಬಾಗಿಲು ಹಾಕಿರುತ್ತವೆ, ಕಿಟಕಿಗಳಲ್ಲಿ ದೀಪಗಳು ಕಡಿಮೆ. ಈಗ ಕೋಟೆಯೊಳಗೆ ವಾಸ ಇರುವವರು ಕೆಲವೇ ಮಂದಿ. ಹಂಪಿಯಲ್ಲಿ ವಿರೂಪಾಕ್ಷ ಬಜಾರಿನ ಮನೆಗಳನ್ನು ತೆರವು ಮಾಡಿದ ಸುದ್ದಿ ಓದಿದ್ದ ನನಗೆ ಅಲ್ಲಿಯೂ ಅದೇ ಪ್ರಶ್ನೆ ಬಂತು. ಕಲ್ಲು ಉಳಿಸಿ ಜನ ಹೋದರೆ ಅದನ್ನು ಊರು ಎನ್ನಬಹುದೇ?

ಮಳೆ ಬಂದರೂ ಸಂಬಳ ಕೊಟ್ಟ ಕಾಲುವೆ

ಟುಲೂಸ್‌ನ ರೈಲು ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಕಾಣುವುದು ಮಿದಿ ಕಾಲುವೆ. ಟುಲೂಸ್‌ನಿಂದ ಮೆಡಿಟರೇನಿಯನ್ ಸಮುದ್ರದವರೆಗೆ 240 ಕಿ.ಮೀ. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೆರ್-ಪಾಲ್ ರಿಕೆ ಎಂಬಾತ ಐವತ್ತು ದಾಟಿದ ಮೇಲೆ ಈ ಯೋಜನೆಯನ್ನು ದೊರೆಯ ಮುಂದಿಟ್ಟ. 1666ರಲ್ಲಿ ಒಪ್ಪಿಗೆ ಸಿಕ್ಕಿತು. ಗುಡ್ಡದ ನೀರನ್ನು ತಿರುಗಿಸಿ ತಂದು ಎತ್ತರದ ಜಾಗಕ್ಕೆ ಹರಿಸಿ, ಅಲ್ಲಿಂದ ಎರಡೂ ದಿಕ್ಕಿಗೆ ಬಿಟ್ಟದ್ದು ಅವನ ಜಾಣ್ಮೆ. ಒಂದು ಹಂತದಲ್ಲಿ ಸುಮಾರು 12,000 ಜನ ದುಡಿಯುತ್ತಿದ್ದರು, ಹೆಂಗಸರೂ ಇದ್ದರು. ರಿಕೆ ಅವರಿಗೆ ತಿಂಗಳ ಸಂಬಳ ಗೊತ್ತು ಮಾಡಿದ. ಭಾನುವಾರ, ಮಳೆ ಬಂದ ದಿನ, ಕಾಯಿಲೆ ಬಿದ್ದ ದಿನಕ್ಕೂ ಕೂಲಿ ಕಡಿಯಲಿಲ್ಲ. ಮುನ್ನೂರೈವತ್ತು ವರ್ಷದ ಹಿಂದಿನ ಮಾತಿದು! ತನ್ನ ಹಣ ಸುರಿದು ಸಾಲ ಮಾಡಿದ ರಿಕೆ 1680ರಲ್ಲಿ ತೀರಿಕೊಂಡ. ಕಾಲುವೆ ತೆರೆದದ್ದು 1681ರಲ್ಲಿ, ಅವನು ಅದನ್ನು ನೋಡಲಿಲ್ಲ.

1857ರಲ್ಲಿ ಕಾಲುವೆಯ ಪಕ್ಕದಲ್ಲೇ ರೈಲು ಬಂತು. ನಿಧಾನಕ್ಕೆ ಸರಕು ದೋಣಿಗಳು ಕಡಿಮೆಯಾಗಿ, ಇಪ್ಪತ್ತನೇ ಶತಮಾನದಲ್ಲಿ ನಿಂತೇ ಹೋದವು. ಈಗ ಓಡುವುದು ಪ್ರವಾಸಿ ದೋಣಿಗಳು, ದಡದಲ್ಲಿ ಸೈಕಲ್‌ಗಳು. ಎರಡೂ ದಡದ ಪ್ಲೇನ್ ಮರಗಳು, ಅಂದರೆ ಕಾಶ್ಮೀರದ ಚಿನಾರ್‌ನ ಬಳಗದವು, ಸುಮಾರು 42,000 ಇದ್ದವು. 2006ರಲ್ಲಿ ಅವುಗಳಿಗೆ ಶಿಲೀಂಧ್ರ ರೋಗ ತಗುಲಿತು. ಸಾವಿರಾರು ಮರ ಕಡಿದು ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಕೆಲವು ಕಡೆ ನೆರಳೇ ಇಲ್ಲ. ಇಂದು ನೆಟ್ಟ ಸಸಿಯ ನೆರಳಲ್ಲಿ ಕೂರುವವರು ಮುಂದಿನ ತಲೆಮಾರಿನವರು.

ಕೆಲಸ ಹೋದಾಗ ಕಾರ್ಖಾನೆ ಕಟ್ಟಿದವರು

ಅಲ್ಬಿಗೆ ಎರಡನೇ ಸಲ ಹೋದದ್ದು ಬೇರೊಂದು ಕಥೆಯ ಬೆನ್ನು ಹತ್ತಿ. ಪಕ್ಕದ ಕಾರ್ಮೊ ಊರಿನ ಗಾಜಿನ ಕಾರ್ಖಾನೆಯಲ್ಲಿ 1895ರಲ್ಲಿ ಮುಷ್ಕರ ನಡೆಯಿತು, ಮಾಲೀಕ ಬಾಗಿಲು ಹಾಕಿದ. ಕೆಲಸ ಹೋದ ಕಾರ್ಮಿಕರು ದೇಶದ ಕಾರ್ಮಿಕ ಸಂಘಗಳು, ಸಹಕಾರಿಗಳಿಂದ ಹಣ ಕೂಡಿಸಿ ಅಲ್ಬಿಯಲ್ಲಿ ತಮ್ಮದೇ ಕಾರ್ಖಾನೆ ಕಟ್ಟಿದರು. 1896ರ ಅಕ್ಟೋಬರ್‌ನಲ್ಲಿ ಕುಲುಮೆ ಹೊತ್ತಿತು. ಅವರ ಬೆನ್ನಿಗೆ ನಿಂತವರು ಸಂಸದ ಜಾನ್ ಜೊರೆಸ್. ಇದೇ ಜಿಲ್ಲೆಯ ಕಾಸ್ತ್ರ್ ಊರಲ್ಲಿ ಹುಟ್ಟಿದ, ಮೊದಲು ತತ್ವಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರು. ಮಾಲೀಕತ್ವ ಬದಲಾದರೂ ಅಲ್ಬಿಯಲ್ಲಿ ಬಾಟಲಿ ತಯಾರಿಕೆ ನಿಂತಿಲ್ಲ.

ಇದೇ ಜಿಲ್ಲೆಯ ಮಜಾಮೆ ಇನ್ನೊಂದು ಉದಾಹರಣೆ. 1851ರಲ್ಲಿ ಅರ್ಜೆಂಟೀನಾದಿಂದ ಕುರಿಚರ್ಮ ತರಿಸಿ, ನೀರಲ್ಲಿ ನೆನೆಸಿ ಉಣ್ಣೆ ಬೇರ್ಪಡಿಸುವ ಕೆಲಸ ಅಲ್ಲಿ ಶುರುವಾಯಿತು. ಊರು ಜಗತ್ತಿಗೇ ಉಣ್ಣೆ ಮಾರಿತು. ಆಮೇಲೆ ಕಣಿವೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 2018ರಲ್ಲಿ ಅದೇ ಕಣಿವೆಯ ಮೇಲೆ 70 ಮೀಟರ್ ಎತ್ತರದಲ್ಲಿ 140 ಮೀಟರ್ ಉದ್ದದ ತೂಗುಸೇತುವೆ ಕಟ್ಟಿದರು. ದಾಟಿದರೆ ಓಪೂಲ್ ಎಂಬ ಮಧ್ಯಯುಗದ ಹಳ್ಳಿ. ಸೇತುವೆ ನಡುಗುವಾಗ ಕೆಳಗೆ ನೋಡಿದರೆ ಪಾಳುಬಿದ್ದ ಕಾರ್ಖಾನೆ ಗೋಡೆಗಳು. ಊರಿನ ಅಂಗಡಿ ಬೀದಿಯಲ್ಲಿ ಬಾಗಿಲು ಮುಚ್ಚಿದ ಮಳಿಗೆಗಳೂ ಕಂಡವು. ಎಲ್ಲ ಊರೂ ಪೂರ್ತಿ ಎದ್ದು ನಿಂತಿಲ್ಲ.

ನಮ್ಮೂರಿನ ಚಿಮಣಿ

ಇದೆಲ್ಲ ನನಗೆ ತಟ್ಟಲು ಕಾರಣವಿದೆ. ನಾನು ದಾವಣಗೆರೆಯವನು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು. ನಮ್ಮಜ್ಜ ಕಾಟನ್ ಮಿಲ್‌ನಲ್ಲಿ ದುಡಿದವರು. ಮಿಲ್ಲು ನಿಂತ ಮೇಲೆ ಅವರು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆದರು. ನಮ್ಮಪ್ಪ ಕಾಲೇಜು ವಿದ್ಯಾರ್ಥಿಗಳಿಗೆ ರೂಮು ಬಾಡಿಗೆಗೆ ಕೊಟ್ಟು ಮನೆ ನಡೆಸಿದರು. ಮಿಲ್ಲುಗಳ ಊರು ಕಾಲೇಜುಗಳ ಊರಾದದ್ದರಿಂದಲೇ ನಾನು ಎಂಜಿನಿಯರ್ ಆದೆ. ಇಷ್ಟು ದಿನ ಅದನ್ನು ಇತಿಹಾಸ ಎಂದು ಯಾರೂ ನನಗೆ ಹೇಳಿರಲಿಲ್ಲ.

ಫೆಬ್ರುವರಿ ಕೊನೆಯಲ್ಲಿ ಒಂದು ಸಣ್ಣ ಕಂಪನಿಯಿಂದ ಕರೆ ಬಂತು. ನಾನು ಬಯಸಿದ್ದ ರೆಕ್ಕೆಯ ವಿನ್ಯಾಸವಲ್ಲ, ಬಿಡಿಭಾಗಗಳ ಗುಣಮಟ್ಟ ಪರೀಕ್ಷೆ. ಒಪ್ಪಿಕೊಂಡೆ. ಈಗ ಬೆಂಗಳೂರಿನಲ್ಲಿ ಮತ್ತೆ ಕೆಲಸ ಹುಡುಕುತ್ತಿದ್ದೇನೆ. ‘ಈ ಫೀಲ್ಡ್ ಮುಗೀತು, ಎಲ್ಲಾ ಎಐ ಮಾಡುತ್ತೆ’ ಎಂದು ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಆ ಗಾಜಿನ ಕೆಲಸಗಾರರು. ಅವರ ದಾರಿ ಸುಲಭವಿರಲಿಲ್ಲ, ಒಬ್ಬರೇ ನಡೆದದ್ದೂ ಅಲ್ಲ.

ನಿಮ್ಮಲ್ಲಿ ಯಾರಾದರೂ ಓದಲು ಆ ಕಡೆ ಹೋಗುವವರಿದ್ದರೆ ಒಂದೆರಡು ಮಾತು. ಅಲ್ಲಿನ ನಿವಾಸ ಪರವಾನಗಿ ಇರುವ 26ರೊಳಗಿನವರಿಗೆ ಕಾರ್ಕಸೋನ್ ಕೋಟೆಯ ಅರಮನೆಯೂ ಸೇರಿ ಹಲವು ರಾಷ್ಟ್ರೀಯ ಸ್ಮಾರಕಗಳಿಗೆ ಪ್ರವೇಶ ಉಚಿತ, ಕಾರ್ಡ್ ಜೊತೆಗಿರಲಿ. ಸೆಪ್ಟೆಂಬರ್‌ನ ಮೂರನೇ ವಾರಾಂತ್ಯ ಪರಂಪರೆ ದಿನಗಳು, ಉಳಿದ ದಿನ ಮುಚ್ಚಿರುವ ಎಷ್ಟೋ ಕಟ್ಟಡಗಳನ್ನು ಆಗ ತೆರೆಯುತ್ತಾರೆ. ಹೋಗಲು ಆಗದವರಿಗೂ ಕೆಲಸವಿದೆ. ನಿಮ್ಮೂರಿನಲ್ಲೂ ಹಳೇ ಮಿಲ್ಲೋ, ಗಾಣವೋ, ಹಂಚಿನ ಕಾರ್ಖಾನೆಯೋ ಇದ್ದೇ ಇರುತ್ತದೆ. ಅಲ್ಲಿ ದುಡಿದ ಅಜ್ಜ, ಅಜ್ಜಿ ಇನ್ನೂ ಇದ್ದರೆ ಈ ಭಾನುವಾರವೇ ಹೋಗಿ ಪಕ್ಕ ಕೂತು ಕೇಳಿ: ‘ಅದು ಮುಚ್ಚಿದ ಮೇಲೆ ನೀವೇನು ಮಾಡಿದ್ರಿ?’